ದಾರಿ ಯಾರದೆಂದು ಕೇಳುವ ಮುನ್ನ

ಹೊಲದ ದಾರಿಯ ತಕರಾರಿಗೂ ಒಂದು ಋತುಮಾನವಿದೆ. ಬೀದರ್ ಜಿಲ್ಲೆಯ ಹುಮನಾಬಾದ್ ತಾಲೂಕಿನ ಹುಡಗಿ, ಅದರ ಆಸುಪಾಸಿನ ಊರುಗಳು, ಆಚೆಯ ಬಸವಕಲ್ಯಾಣದ ಸೀಮೆ, ಇಲ್ಲೆಲ್ಲ ಬೇಸಿಗೆಯಲ್ಲಿ ಒಬ್ಬರು ಇನ್ನೊಬ್ಬರ ದಾರಿಗೆ ಅಡ್ಡ ಬರುವುದು ಅಪರೂಪ. ಹೊಲಗಳು ಬರಿದಾಗಿರುತ್ತವೆ; ಬಂಡಿ, ಟ್ರ್ಯಾಕ್ಟರು, ದನ, ಕುರಿ ಎಲ್ಲವೂ ತೋಚಿದ ಕಡೆ ಹಾಯ್ದು ಹೋಗುತ್ತವೆ. ಮಿರಗ ಕೂಡಿ, ಹದಮಳೆಯಾಗಿ, ಕೂರಿಗೆ ಹೊರಬಿದ್ದಾಗಲೇ ಪ್ರಶ್ನೆ ಏಳುವುದು. ಮುಂದಿನ ಹೊಲದವನು ಈ ವರ್ಷ ಬಂಡಿಯ ಜಾಡನ್ನೂ ಸೇರಿಸಿ ಉತ್ತು ಉದ್ದು ಬಿತ್ತಿದ್ದಾನೆ. ಹಿಂದಿನ ಹೊಲದವನು ಬೀಜ, ಗೊಬ್ಬರಗಳನ್ನು ತಲೆಯ ಮೇಲೆ ಹೊತ್ತು ಬದುವಿನ ಮೇಲೆ ನಡೆಯಬೇಕಾಗಿದೆ. ಒಬ್ಬನು ‘ಇದು ನನ್ನ ಸರ್ವೆ ನಂಬರು’ ಎನ್ನುತ್ತಾನೆ. ಇನ್ನೊಬ್ಬನು ‘ಇದು ನಮ್ಮ ಅಪ್ಪನ ಕಾಲದ ದಾರಿ’ ಎನ್ನುತ್ತಾನೆ. ಇಬ್ಬರ ಮಾತೂ ಸುಳ್ಳಲ್ಲ. ಆದರೂ ಸುಗ್ಗಿಯ ಹೊತ್ತಿಗೆ ಇಬ್ಬರ ಕೈಯಲ್ಲೂ ವಕೀಲರ ನೋಟೀಸು ಇರುತ್ತದೆ.

ಘಟ್ಟ ಪ್ರದೇಶದ ನಮ್ಮ ಬಳಗದ ಪತ್ರಿಕೆಗೆ ಬೀದರಿನ ಬಯಲಿನ ಬಂಡಿ ದಾರಿಯ ಉಸಾಬರಿ ಏಕೆ ಎಂದು ಕೆಲವು ಓದುಗರು ಕೇಳಬಹುದು. ದಾರಿಯ ಜಗಳ ಬಯಲಿನಲ್ಲಿ ಬೆತ್ತಲಾಗಿ ಕಾಣುತ್ತದೆ. ನಮ್ಮಲ್ಲಿ ಅದು ಗಿಡಮರಗಳ ಮರೆಯಲ್ಲಿ ನಡೆಯುತ್ತದೆ. ಅಡಿಕೆ ತೋಟದ ಅಂಚಿನಲ್ಲಿ, ಸೊಪ್ಪಿನಬೆಟ್ಟದ ಮಗ್ಗುಲಲ್ಲಿ, ಒಂಟಿ ಮನೆಯ ದಣಪೆಯ ಮುಂದೆ ನಡೆಯುವ ವ್ಯಾಜ್ಯದ ತಿರುಳು ಹುಡಗಿಯ ಹೊಲದ ವ್ಯಾಜ್ಯಕ್ಕಿಂತ ಬೇರೆಯಲ್ಲ. ಕಾನೂನೂ ಒಂದೇ. ಬಯಲಿನಲ್ಲಿ ದಾರಿ ಮುಚ್ಚಿದರೆ ಬೆಳೆ ಹೊಲದಲ್ಲೇ ಉಳಿಯುತ್ತದೆ; ಘಟ್ಟದಲ್ಲಿ ದಾರಿ ಮುಚ್ಚಿದರೆ ಯಂತ್ರ ಬಂದು ಗುಡ್ಡವನ್ನು ಬಗೆಯುತ್ತದೆ. ಆ ಮಾತಿಗೆ ಮುಂದೆ ಬರೋಣ.

ಮೊದಲು ಈ ದಾರಿಗಳು ಕಾಗದದಲ್ಲಿ ಎಲ್ಲಿವೆ ಎಂಬುದನ್ನು ನೋಡಬೇಕು. ಬೀದರ್ ಜಿಲ್ಲೆ 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಅಂದಿನ ಮಾಲಿ ಪಾಟೀಲ, ಪಟವಾರಿಗಳ ಆಡಳಿತದಿಂದ ಬಂದ ಭೂದಾಖಲೆಗಳೇ ಇಲ್ಲಿನ ಇಂದಿನ ದಾಖಲೆಗಳಿಗೆ ಬುನಾದಿ. ಗ್ರಾಮ ನಕಾಶೆಯಲ್ಲಿ ಎರಡು ಸಾಲು ಚುಕ್ಕೆಗಳ ಗೆರೆ ಇದ್ದರೆ ಅದು ಬಂಡಿ ದಾರಿ. ಒಂದೇ ಸಾಲು ಚುಕ್ಕೆಗಳಿದ್ದರೆ ಕಾಲುದಾರಿ. 1966ರ ಕರ್ನಾಟಕ ಭೂಕಂದಾಯ ನಿಯಮಗಳ 21ನೇ ನಿಯಮವು ಸರ್ವೆ ನಂಬರಿನೊಳಗಿನ ಖರಾಬನ್ನು ಎರಡಾಗಿ ವಿಂಗಡಿಸುತ್ತದೆ. ಸಾಗುವಳಿಗೆ ಬಾರದ ಕಲ್ಲು ಮೊರಡಿಯ ಜಾಗ ‘ಎ’ ಖರಾಬು. ದಾರಿ, ಹಳ್ಳ, ಸ್ಮಶಾನ ಮೊದಲಾದ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಜಾಗ ‘ಬಿ’ ಖರಾಬು. 1964ರ ಭೂಕಂದಾಯ ಕಾಯಿದೆಯ 67ನೇ ಕಲಮಿನ ಪ್ರಕಾರ, ಖಾಸಗಿಯವರ ಸ್ವತ್ತಲ್ಲದ ಸಾರ್ವಜನಿಕ ರಸ್ತೆ, ಓಣಿ, ದಾರಿಗಳೆಲ್ಲ ರಾಜ್ಯ ಸರ್ಕಾರದ ಸ್ವತ್ತು.

ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆ ಬಂದು ಪಹಣಿಗಳು ಗಣಕಯಂತ್ರ ಸೇರಿದವು. ಅದು ದೊಡ್ಡ ಕೆಲಸವೇ ಸರಿ. ಆದರೆ ರೈತನ ಕೈಗೆ ಸುಲಭವಾಗಿ ಬಂದದ್ದು ಪಹಣಿಯ ಹಾಳೆ. ಅದರಲ್ಲಿ ಹೆಸರಿದೆ, ವಿಸ್ತೀರ್ಣವಿದೆ, ಸಾಲವಿದೆ, ದಾರಿಯ ಗೆರೆಯಿಲ್ಲ. ಖರಾಬಿನ ಕಲಮಿನಲ್ಲಿರುವ ಕೆಲವು ಗುಂಟೆಗಳು ದಾರಿಯದೋ ಹಳ್ಳದ್ದೋ ಎಂದು ಆ ಹಾಳೆಯಿಂದ ತಿಳಿಯದು. ಅದನ್ನು ಹೇಳುವ ಗ್ರಾಮ ನಕಾಶೆ, ಟಿಪ್ಪಣಿ, ಆಕಾರಬಂದ್‌ಗಳನ್ನು ನೋಡುವ ರೂಢಿ ಬಹುಮಂದಿಗೆ ಇಲ್ಲ. ಪಹಣಿ ಬಾಯಿಪಾಠವಾಗಿ ನಕಾಶೆ ಮರೆತುಹೋದ ಕಾಲವಿದು. ಸಾರ್ವಜನಿಕ ದಾರಿಯೊಂದು ಖಾಸಗಿ ಜಗಳದ ವಸ್ತುವಾಗಿ ನ್ಯಾಯಾಲಯದ ಮೆಟ್ಟಿಲೇರುವುದಕ್ಕೆ ಈ ಮರೆವೂ ಒಂದು ಕಾರಣ. ತಾತನ ಕಾಲದಲ್ಲೇ ಸರ್ಕಾರಕ್ಕೆ ಸೇರಿದ ಜಾಗಕ್ಕಾಗಿ ಮೊಮ್ಮಕ್ಕಳು ತಮ್ಮದು ತಮ್ಮದೆಂದು ಸಾಕ್ಷಿ ನುಡಿಯುತ್ತಾರೆ.

ಎಲ್ಲ ದಾರಿಗಳೂ ನಕಾಶೆಯಲ್ಲಿ ಇರುವುದಿಲ್ಲ ಎಂಬುದೂ ನಿಜ. ಹೆಚ್ಚಿನ ಜಗಳಗಳು ಹುಟ್ಟುವುದು ಹಿಸ್ಸೆಯಾದ ಹೊಲಗಳಲ್ಲಿ. ಅಜ್ಜನಿಗೆ ಹದಿನಾರು ಎಕರೆಯ ಒಂದೇ ಹೊಲವಿದ್ದಾಗ ಒಳದಾರಿ ಬೇಕಿರಲಿಲ್ಲ. ನಾಲ್ವರು ಮಕ್ಕಳಿಗೆ ಪಾಲಾದಾಗ ರಸ್ತೆಯ ಬದಿಯ ಪಾಲು ಹಿರಿಯನಿಗೂ ಹಳ್ಳದ ಬದಿಯದು ಕಿರಿಯನಿಗೂ ಹೋಯಿತು. ಅಣ್ಣತಮ್ಮಂದಿರು ಒಂದೇ ಒಲೆಯ ನೆನಪಿನಲ್ಲಿರುವಷ್ಟು ದಿನ ದಾರಿಯ ಮಾತೇ ಬರಲಿಲ್ಲ. ಮುಂದಿನ ತಲೆಮಾರಿನಲ್ಲಿ ರಸ್ತೆ ಬದಿಯ ಪಾಲು ಹೊರಗಿನವರಿಗೆ ಮಾರಾಟವಾಯಿತು. ಕೊಂಡವನು ತಂತಿ ಬೇಲಿ ಹಾಕಿದ. ಅವನ ಕ್ರಯಪತ್ರದಲ್ಲಿ ದಾರಿಯ ಉಲ್ಲೇಖವಿಲ್ಲ. ಅವನು ಕೆಟ್ಟವನೆಂದು ಹೇಳುವಂತಿಲ್ಲ. ಕಾಗದ ಓದಿಯೇ ಕೊಂಡಿದ್ದಾನೆ.

ಇಂಥ ಸಂದರ್ಭಕ್ಕೆ 1882ರ ಈಸ್‌ಮೆಂಟ್ ಕಾಯಿದೆ ಇದೆ. ಪರರ ನೆಲದ ಮೇಲೆ ನಮ್ಮ ನೆಲದ ಅನುಭೋಗಕ್ಕಾಗಿ ಇರುವ ಹಕ್ಕು ಎಂಬುದು ಅದರ ಸಾರ. 13ನೇ ಕಲಮಿನ ಪ್ರಕಾರ ಜಂಟಿ ಸ್ವತ್ತು ಪಾಲಾದಾಗ, ಒಂದು ಪಾಲನ್ನು ಅನುಭವಿಸಲು ಇನ್ನೊಂದು ಪಾಲಿನ ಮೂಲಕ ಹೋಗದೆ ವಿಧಿಯಿಲ್ಲವಾದರೆ, ಪತ್ರದಲ್ಲಿ ಬರೆಯದಿದ್ದರೂ ಆ ಹಕ್ಕು ಹುಟ್ಟುತ್ತದೆ. 15ನೇ ಕಲಮಿನ ಪ್ರಕಾರ ಇಪ್ಪತ್ತು ವರ್ಷ ಶಾಂತವಾಗಿ, ಬಹಿರಂಗವಾಗಿ, ಹಕ್ಕೆಂಬ ಭಾವದಿಂದ, ತಡೆಯಿಲ್ಲದೆ ನಡೆದ ದಾರಿಯೂ ಹಕ್ಕಾಗುತ್ತದೆ. ಎದುರಿನದು ಸರ್ಕಾರಿ ನೆಲವಾದರೆ ಮೂವತ್ತು ವರ್ಷ.

ಕಾನೂನು ಇಷ್ಟು ಉದಾರವಾಗಿದ್ದರೂ ಜನ ಸೋಲುವುದೇಕೆ? ಅವರು ಕೇಳಬೇಕಾದ್ದನ್ನು ಬಿಟ್ಟು ಬೇರೆಯದನ್ನು ಕೇಳುತ್ತಾರೆ ಎಂಬುದು ನಮ್ಮ ಉತ್ತರ. ಮನುಷ್ಯನಿಗೆ ಬೇಕಾದದ್ದು ನಡೆಯುವ ಅವಕಾಶ. ಸಿಟ್ಟಿನಲ್ಲಿ ಅವನು ಕೇಳುವುದು ಒಡೆತನ. 2008ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಚ್ಛಜ್ ನಾಹರ್ ವಿರುದ್ಧ ನೀಲಿಮಾ ಮಂಡಲ್ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಪ್ರತಿ ಹಳ್ಳಿಯ ಚಾವಡಿಯಲ್ಲೂ ಓದಿ ಹೇಳಬೇಕು. ನೆರೆಹೊರೆಯವರ ನಡುವಿನ ಒಂದು ತುಂಡು ನೆಲದ ವ್ಯಾಜ್ಯವದು. ದಾವೆ ಹೂಡಿದವರು ಆ ನೆಲ ತಮ್ಮ ಸ್ವಂತದ್ದೆಂದು ವಾದಿಸಿದ್ದರು. ಸ್ವಂತದ್ದೆಂದು ರುಜುವಾತಾಗಲಿಲ್ಲ, ಆದರೂ ಹೋಗಿಬರುವ ಹಕ್ಕಿದೆ ಎಂದು ಉಚ್ಚ ನ್ಯಾಯಾಲಯ ಕರುಣೆ ತೋರಿತು. ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಮಾಡಿತು. ದಾವೆಯಲ್ಲಿ ಬೇಡದ, ಎದುರಾಳಿಗೆ ಉತ್ತರಿಸಲು ಅವಕಾಶವೇ ಇಲ್ಲದ ಹಕ್ಕನ್ನು ಕೊಡಲಾಗದೆಂಬುದು ಕಾರಣ. ಆ ತೀರ್ಪನ್ನು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್.

ತರ್ಕ ಸರಳವಾಗಿದೆ. ಈಸ್‌ಮೆಂಟ್ ಎಂದರೆ ಪರರ ನೆಲದ ಮೇಲಿನ ಹಕ್ಕು. ‘ಈ ನೆಲ ನನ್ನದು’ ಎಂದು ಹೇಳಿದವನು ತನ್ನ ಬಾಯಿಂದಲೇ ಆ ಹಕ್ಕನ್ನು ದೂರ ತಳ್ಳಿದಂತೆ. ‘ನನ್ನದು, ಅಲ್ಲವೆಂದಾದರೆ ನಡೆಯುವ ಹಕ್ಕಾದರೂ ಇದೆ’ ಎಂದು ಪರ್ಯಾಯವಾಗಿ ಕೇಳಬಹುದು. ಆದರೆ ಕೇಳಿರಬೇಕು, ಅದಕ್ಕೆ ಬೇಕಾದ ಸಂಗತಿಗಳನ್ನು ದಾವೆಯಲ್ಲೇ ಹೇಳಿರಬೇಕು. ಅಷ್ಟು ವರ್ಷ ಹೋರಾಡಿ, ಒಡೆತನವೂ ಸಿಗದೆ, ಸಿಗಬಹುದಾಗಿದ್ದ ದಾರಿಯೂ ಕೈಬಿಟ್ಟು ಹೋಗುವುದೆಂದರೆ ಎಂಥ ನಷ್ಟ!

2024ರ ಏಪ್ರಿಲ್‌ನಲ್ಲಿ ಮನೀಷಾ ಮಹೇಂದ್ರ ಗಾಲಾ ಪ್ರಕರಣದಲ್ಲಿ ಇನ್ನೆರಡು ಪಾಠಗಳು ಸಿಕ್ಕವು. ಮಹಾರಾಷ್ಟ್ರದ ಈ ವ್ಯಾಜ್ಯ ಇಪ್ಪತ್ತು ಅಡಿ ಅಗಲದ ಒಂದು ರಸ್ತೆಯದು. ‘ಬಹಳ ವರ್ಷಗಳಿಂದ’ ಬಳಸುತ್ತಿದ್ದೇವೆ ಎಂದಿದ್ದರು. ಬಹಳ ವರ್ಷ ಎಂದರೆ ಇಪ್ಪತ್ತು ವರ್ಷವೆಂದು ಅರ್ಥವಲ್ಲ ಎಂದು ನ್ಯಾಯಾಲಯ ಹೇಳಿತು. ಬೇರೊಂದು ದಾರಿ ಇರುವಾಗ, ಅದು ಸುತ್ತಾದರೂ, ಅನಿವಾರ್ಯತೆಯ ಹಕ್ಕು ಇಲ್ಲವೆಂದೂ ಹೇಳಿತು. ‘ಅಪ್ಪನ ಕಾಲದಿಂದ’ ಎಂಬ ನಮ್ಮ ಹಳ್ಳಿಯ ಮಾತು ಚಾವಡಿಯಲ್ಲಿ ತೂಕದ್ದು. ದಾವೆಯ ಹಾಳೆಯಲ್ಲಿ ಅದು ವರ್ಷಗಳ ಲೆಕ್ಕವಾಗಬೇಕು, ಸಾಕ್ಷಿಯಾಗಬೇಕು.

ಇನ್ನೊಂದು ಲೆಕ್ಕವನ್ನು ವಕೀಲರೂ ಕೆಲವೊಮ್ಮೆ ತಡವಾಗಿ ನೆನಪಿಸುತ್ತಾರೆ. ಆ ಇಪ್ಪತ್ತು ವರ್ಷಗಳ ಬಳಕೆ ದಾವೆ ಹೂಡುವುದಕ್ಕೆ ಹಿಂದಿನ ಎರಡು ವರ್ಷಗಳೊಳಗೆ ಮುಗಿದಿರಬೇಕು. ಅಂದರೆ ದಾರಿ ಮುಚ್ಚಿದ ಮೇಲೆ ಊರ ಹಿರಿಯರು ನೋಡಿಕೊಳ್ಳುತ್ತಾರೆಂದು ಮೂರು ವರ್ಷ ಸುಮ್ಮನೆ ಕುಳಿತವನಿಗೆ ಆ ಬಾಗಿಲು ಮುಚ್ಚಬಹುದು. 47ನೇ ಕಲಮಿನ ಪ್ರಕಾರ ಇಪ್ಪತ್ತು ವರ್ಷ ಯಾರೂ ತುಳಿಯದ ದಾರಿಯ ಹಕ್ಕು ತಾನಾಗಿ ಅಳಿಯುತ್ತದೆ. ಊರು ಬಿಟ್ಟು ಹೈದರಾಬಾದಿಗೋ ಪುಣೆಗೋ ದುಡಿಯಲು ಹೋದವರ ಹೊಲದ ದಾರಿಗಳಿಗೆ ಈ ಅಪಾಯ ಹೆಚ್ಚು.

ಇಷ್ಟು ಹೊತ್ತು ನಡೆಯುವವನ ಪರವಾಗಿ ಬರೆದದ್ದಾಯಿತು. ನೆಲ ಕೊಟ್ಟವನ ಮಾತನ್ನೂ ಕೇಳಬೇಕು. ಪರಿಸರದ ದೃಷ್ಟಿಯಿಂದ ನೋಡಿದರೆ ಅವನ ದೂರಿನಲ್ಲಿ ಹುರುಳು ಹೆಚ್ಚೇ ಇದೆ. ಅವನ ತಂದೆ ಒಪ್ಪಿದ್ದು ಎತ್ತಿನ ಬಂಡಿಗೆ. ಬಂಡಿ ವರ್ಷಕ್ಕೆ ನಾಲ್ಕಾರು ಸಲ ಗೊಬ್ಬರ ಹೊತ್ತು ಹೋಗಿ ಕಾಳು ಹೊತ್ತು ಬರುತ್ತಿತ್ತು. ಈಗ ಅದೇ ಜಾಡಿನಲ್ಲಿ ಕಬ್ಬಿನ ಲಾರಿ, ಕೊಯ್ಲಿನ ಯಂತ್ರ, ಕೊಳವೆಬಾವಿ ಕೊರೆಯುವ ಲಾರಿ ಬರುತ್ತವೆ. ಹಿಂದಿನ ಹೊಲದವನು ಕೆಂಪುಕಲ್ಲು ತೆಗೆಯಲು ಹೊಲವನ್ನು ಗುತ್ತಿಗೆಗೆ ಕೊಟ್ಟನೆಂದರೆ ಟಿಪ್ಪರುಗಳ ಸಾಲೇ ಶುರುವಾಗುತ್ತದೆ. ಎರೆ ನೆಲ ಮಳೆಗಾಲದಲ್ಲಿ ಗಾಲಿಯನ್ನು ಹಿಡಿದು ನಿಲ್ಲಿಸುತ್ತದೆ; ಚಾಲಕನು ಕೆಸರು ತಪ್ಪಿಸಲು ಹೊಲಕ್ಕೆ ಇಳಿಸುತ್ತಾನೆ. ಎಂಟು ಅಡಿಯ ಜಾಡು ಎರಡು ಮಳೆಗಾಲದಲ್ಲಿ ಇಪ್ಪತ್ತು ಅಡಿಯಾಗುತ್ತದೆ. ಬದು ಒಡೆಯುತ್ತದೆ, ಬದುವಿನ ಬೇವು, ಜಾಲಿಗಳು ಉರುಳುತ್ತವೆ. ಇದನ್ನೆಲ್ಲ ನೋಡಿದವನು ಒಂದು ದಿನ ಜಾಡಿಗೆ ಅಡ್ಡಲಾಗಿ ಕಂದಕ ತೋಡಿದರೆ ಅವನನ್ನು ದುಷ್ಟನೆಂದು ಹೇಗೆ ಕರೆಯುವುದು?

ಕಂದಕ ತೋಡುವುದು ಪರಿಹಾರವಲ್ಲ, ಆದರೆ ಕಾನೂನು ಅವನ ಕೈಬಿಟ್ಟಿಲ್ಲ. ಈಸ್‌ಮೆಂಟ್ ಕಾಯಿದೆಯ 28ನೇ ಕಲಮು, ಒಂದು ಬಗೆಯ ದಾರಿಯ ಹಕ್ಕಿನಲ್ಲಿ ಇನ್ನೊಂದು ಬಗೆಯ ದಾರಿಯ ಹಕ್ಕು ಸೇರುವುದಿಲ್ಲ ಎನ್ನುತ್ತದೆ. 22ನೇ ಕಲಮು, ಹಕ್ಕುಳ್ಳವನು ಅದನ್ನು ನೆಲದವನಿಗೆ ಆದಷ್ಟು ಕಡಿಮೆ ಹೊರೆಯಾಗುವಂತೆ ಚಲಾಯಿಸಬೇಕೆನ್ನುತ್ತದೆ. ನಡೆಯುವ ಹಕ್ಕು ಟಿಪ್ಪರಿನ ಹಕ್ಕಲ್ಲ. ಸುಮಾರು ನೂರ ನಲವತ್ತು ವರ್ಷ ಹಳೆಯದಾದ ಈ ಎರಡು ಸಾಲುಗಳಲ್ಲಿ ನಮ್ಮ ಎಷ್ಟೋ ಹೊಸ ಪರಿಸರ ನಿಯಮಗಳಿಗಿಂತ ಹೆಚ್ಚಿನ ವಿವೇಕವಿದೆ ಎಂದರೆ ಅತಿಶಯೋಕ್ತಿಯಾಗದು. ಇದನ್ನು ಹಿಡಿದು ವಾದಿಸಿದ ದಾವೆಗಳು ಹೆಚ್ಚಾಗಬೇಕು.

ಬೀದರ್ ಸೀಮೆಯ ಕೆಂಪುಕಲ್ಲಿನ ಎತ್ತರದ ನೆಲಕ್ಕೆ ತನ್ನದೇ ಆದ ಜಲಶಾಸ್ತ್ರವಿದೆ. ಮಳೆ ನೀರು ಜಂಬಿಟ್ಟಿಗೆಯ ರಂಧ್ರಗಳಲ್ಲಿ ಇಂಗಿ, ಕೆಳಗಿನ ಕರಿಕಲ್ಲಿನ ಪದರ ತಾಗಿದಲ್ಲಿ ಝರಿಯಾಗಿ ಹೊರಬರುತ್ತದೆ. ಬೀದರಿನ ನರಸಿಂಹ ಝರಣಿ, ನಾನಕ್ ಝೀರಾಗಳ ನೀರೂ ನೌಬಾದಿನ ಸುರಂಗ ಬಾವಿಗಳೂ ಈ ನೆಲದ ಗುಣವನ್ನೇ ಅವಲಂಬಿಸಿವೆ. ಇಂಥಲ್ಲಿ ತಗ್ಗಿದ ಬಂಡಿ ಜಾಡು ಮಳೆಗಾಲದಲ್ಲಿ ನೀರಿನ ಕಾಲುವೆಯೂ ಹೌದು. ಜಾಡಿನ ಇಕ್ಕೆಲದ ಹುಲ್ಲು, ಪೊದೆಗಳು ನೀರನ್ನು ನಿಧಾನಿಸುತ್ತವೆ. ದನಕ್ಕೆ ಮೇವೂ ಅಲ್ಲೇ. ದಾರಿಯ ಜಗಳದಲ್ಲಿ ಮೊದಲು ಬಲಿಯಾಗುವುದು ಈ ಅಂಚು. ಒಬ್ಬನು ಅದನ್ನು ಉಳುತ್ತಾನೆ, ಇನ್ನೊಬ್ಬನು ಮೊರಂ ಹಾಕಿ ಎತ್ತರಿಸುತ್ತಾನೆ. ನೀರು ಮೂರನೆಯವನ ಹೊಲಕ್ಕೆ ನುಗ್ಗಿ ಮೂರನೆಯ ದಾವೆ ಹುಟ್ಟುತ್ತದೆ. ಉದ್ಯೋಗ ಖಾತರಿಯ ಹಣದಲ್ಲಿ ‘ನಮ್ಮ ಹೊಲ ನಮ್ಮ ದಾರಿ’ ಎಂದು ನಿರ್ಮಿಸಿದ ರಸ್ತೆಗಳಲ್ಲೂ ಮೋರಿಯಿಲ್ಲದೆ ಎತ್ತರಿಸಿದ ಕಡೆ ಇದೇ ಪಾಡು.

ಈಗ ನಮ್ಮ ಘಟ್ಟದ ಮಾತು. ಇಲ್ಲಿ ದಾರಿ ನಿರಾಕರಿಸಲ್ಪಟ್ಟವನು ಬದುವಿನ ಮೇಲೆ ನಡೆಯುವುದಿಲ್ಲ. ಗುಡ್ಡದ ಇಳಿಜಾರನ್ನು ಕಡಿದು ತನ್ನದೇ ಹೊಸ ರಸ್ತೆ ಮಾಡಿಕೊಳ್ಳುತ್ತಾನೆ. ಸಮತಟ್ಟಿನ ಹಳೆಯ ದಾರಿ ನೆರೆಯವನ ಗೇಟಿನಲ್ಲಿ ನಿಂತುಹೋದದ್ದಕ್ಕೆ ದರೆಯ ಬುಡವನ್ನು ಬಗೆದದ್ದನ್ನು ನಾವೆಲ್ಲ ಕಂಡಿದ್ದೇವೆ. ಕಡಿದ ದರೆಗೆ ತಡೆಗೋಡೆಯಿಲ್ಲ, ನೀರಿಗೆ ಚರಂಡಿಯಿಲ್ಲ. 2018ರಲ್ಲಿ ಕೊಡಗಿನಲ್ಲಿ, 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡಗಳು ಕುಸಿದಾಗ ಇಳಿಜಾರನ್ನು ಕಡಿಯುವ ಬಗ್ಗೆ ರಾಜ್ಯವೆಲ್ಲ ಮಾತನಾಡಿತು. ಮಾತು ಹೆದ್ದಾರಿಗಳ ಬಗ್ಗೆ, ರೆಸಾರ್ಟುಗಳ ಬಗ್ಗೆ. ಅದು ಸರಿಯೇ. ಆದರೆ ಒಂದು ಮನೆಗಾಗಿ, ಒಂದು ಜಗಳಕ್ಕಾಗಿ ಕಡಿದ ಸಣ್ಣ ದರೆಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಇಬ್ಬರು ನೆರೆಯವರು ಒಂದು ದಾರಿಯನ್ನು ಹಂಚಿಕೊಂಡರೆ ಒಂದು ಗುಡ್ಡ ಉಳಿಯುತ್ತದೆ ಎಂಬುದು ನಮ್ಮ ಕಡೆ ಅಕ್ಷರಶಃ ಸತ್ಯ.

ಸರ್ಕಾರ ಏನೂ ಮಾಡಿಲ್ಲವೆಂದು ಹೇಳಲಾಗದು. 2023ರಲ್ಲಿ ಕಂದಾಯ ಇಲಾಖೆ ಸುತ್ತೋಲೆ ಹೊರಡಿಸಿ, ನಕಾಶೆಯಲ್ಲಿರುವ ದಾರಿಗಳ ಅಡ್ಡಿಗಳನ್ನು ತೆರವುಗೊಳಿಸಲು ತಹಶೀಲ್ದಾರರಿಗೆ ಸೂಚಿಸಿತು. ಖಾಸಗಿ ನೆಲದ ದಾರಿಗಳಲ್ಲಿ ಶಾಂತಿಭಂಗದ ಭಯವಿದ್ದರೆ ದಂಡ ಪ್ರಕ್ರಿಯಾ ಸಂಹಿತೆಯ 147ನೇ ಕಲಮನ್ನು ಬಳಸುವಂತೆಯೂ ಹೇಳಿತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 166ನೇ ಕಲಮು ಬಂದಿದೆ. ಅದಕ್ಕೊಂದು ಸಣ್ಣ ಗಡುವಿದೆ: ಬಿತ್ತನೆ, ಸುಗ್ಗಿಗಳಂಥ ಹಂಗಾಮಿನ ಬಳಕೆಯಾದರೆ ಕೊನೆಯ ಹಂಗಾಮಿನಲ್ಲಿ ದಾರಿ ಬಳಸಿದ್ದನ್ನು ತೋರಿಸಬೇಕು, ವರ್ಷವಿಡೀ ಬಳಸುವ ದಾರಿಯಾದರೆ ಅರ್ಜಿಗೆ ಹಿಂದಿನ ಮೂರು ತಿಂಗಳೊಳಗೆ. ಹೊಡೆದಾಟದ ಭಯವಿದ್ದರೆ ಮಾತ್ರ ದಾರಿ ತೆರೆಸುವ ಕಾನೂನು ವಿಚಿತ್ರವೇ ಸರಿ. ಸಾಧುವಾಗಿರುವವನಿಗೆ ಅದರಲ್ಲಿ ಜಾಗ ಕಡಿಮೆ. ಹುಮನಾಬಾದಿನಿಂದ ಅದೇ ಹೆದ್ದಾರಿಯಲ್ಲಿ ಗಡಿ ದಾಟಿ ಉಮರ್ಗಾಕ್ಕೆ ಹೋದರೆ, ಅಲ್ಲಿನ ತಹಶೀಲ್ದಾರನಿಗೆ 1966ರ ಮಹಾರಾಷ್ಟ್ರ ಭೂಕಂದಾಯ ಸಂಹಿತೆಯ 143ನೇ ಕಲಮಿದೆ. ಬದುವಿನ ಮೇಲೆ ದಾರಿ ಕೇಳಿ ಬಂದ ರೈತನ ಅರ್ಜಿಯನ್ನು ಅವನು ನೇರವಾಗಿ ವಿಚಾರಿಸಿ ತೀರ್ಮಾನಿಸಬಹುದು, ಯಾರ ತಲೆಯೂ ಒಡೆಯುವ ಭಯವಿರಬೇಕಿಲ್ಲ. ಅಷ್ಟು ನೇರವಾದ ಅಧಿಕಾರವನ್ನು ನಮ್ಮ ತಹಶೀಲ್ದಾರರಿಗೂ ಕೊಡಲು ವಿಧಾನಸಭೆಯ ಅರ್ಧ ದಿನ ಸಾಕು.

ಅದಕ್ಕಿಂತ ಮುಖ್ಯವಾದ ಇನ್ನೊಂದು ಬೇಡಿಕೆ ನಮ್ಮದು. ಸರ್ವೆ ನಂಬರಿನ ಭಾಗವನ್ನು ಮಾರಲು, ಪಾಲು ಮಾಡಲು 11ಇ ನಕ್ಷೆ ಬೇಕೇ ಬೇಕು. ಭೂಮಾಪಕರು ಹೊಲಕ್ಕೇ ಬಂದು ಅಳೆದು ಕೊಡುವ ನಕ್ಷೆಯದು. ಯಾವ ತುಂಡಿಗೂ ದಾರಿಯಿಲ್ಲದ ನಕ್ಷೆಯನ್ನು ಕೊಡಬಾರದೆಂದು ಇಲಾಖೆ ಒಂದು ಸಾಲಿನ ಆದೇಶ ಮಾಡಲಿ. ದಾರಿಯ ಅಗಲ, ಅದು ಕಾಲುದಾರಿಯೋ ಬಂಡಿಯದೋ ವಾಹನದ್ದೋ, ಮಳೆನೀರು ಯಾವ ಬದಿ ಹರಿಯಬೇಕು ಎಂಬುದು ನಕ್ಷೆಯಲ್ಲೂ ನೋಂದಣಿ ಪತ್ರದಲ್ಲೂ ಇರಲಿ. ಪತ್ರದಲ್ಲಿ ಬರೆದುಕೊಟ್ಟ ದಾರಿಯ ಬಲ ಬೇರೆಯೇ. 2006ರ ಹೀರೋ ವಿನೋತ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಸ್ಪಷ್ಟಪಡಿಸಿದೆ: ಅನಿವಾರ್ಯತೆಯಿಂದ ಹುಟ್ಟಿದ ಹಕ್ಕು ಅನಿವಾರ್ಯತೆ ತೀರಿದಾಗ ತೀರುತ್ತದೆ, ಪತ್ರದಿಂದ ಕೊಟ್ಟ ಹಕ್ಕು ಬೇರೆ ದಾರಿ ಸಿಕ್ಕ ಮಾತ್ರಕ್ಕೆ ಅಳಿಯುವುದಿಲ್ಲ.

ಈಗಾಗಲೇ ನ್ಯಾಯಾಲಯದಲ್ಲಿರುವವರಿಗೆ ಲೋಕ ಅದಾಲತ್ತಿನ ಬಾಗಿಲು ತೆರೆದಿದೆ. ಅಲ್ಲಿನ ರಾಜಿಗೆ ಡಿಕ್ರಿಯ ಬೆಲೆಯಿದೆ, ಕಟ್ಟಿದ ಶುಲ್ಕ ಹಿಂದಿರುಗುತ್ತದೆ, ಮೇಲ್ಮನವಿಯ ಅಲೆದಾಟವಿಲ್ಲ. 2008ರಲ್ಲಿ ಕಲಬುರಗಿಗೆ ಹೈಕೋರ್ಟಿನ ಪೀಠ ಬರುವ ಮೊದಲು ಬೀದರಿನ ಕಕ್ಷಿದಾರ ಎರಡನೇ ಅಪೀಲಿಗೆ ಬೆಂಗಳೂರಿಗೇ ಹೋಗಬೇಕಿತ್ತು. ಈಗ ದೂರ ಕಡಿಮೆಯಾಗಿದೆ; ಕಾಯುವ ವರ್ಷಗಳು ಕಡಿಮೆಯಾಗಿಲ್ಲ. ಆಣೆಕಟ್ಟು, ಗಣಿಗಳ ವಿರುದ್ಧದ ಹೋರಾಟಗಳಲ್ಲಿ ಕಾನೂನು ಕಲಿತ ಗೆಳೆಯರು ನಮ್ಮ ನಡುವೆ ಹಲವರಿದ್ದಾರೆ. ನೆರೆಮನೆಯ ದಾರಿಯ ರಾಜಿಪತ್ರ ಬರೆದುಕೊಡುವುದನ್ನು ಅವರು ಚಿಕ್ಕ ಕೆಲಸವೆಂದು ಭಾವಿಸದಿರಲಿ.

ಗ್ರಾಮ ನಕಾಶೆಯ ಪ್ರತಿ ಭೂಮಾಪನ ಇಲಾಖೆಯಲ್ಲಿ ಸಿಗುತ್ತದೆ, ಇಲಾಖೆಯ ಜಾಲತಾಣದಲ್ಲೂ ಇದೆ. ಅದನ್ನು ದೊಡ್ಡದಾಗಿ ಮುದ್ರಿಸಿ ಪಂಚಾಯತಿಯ ಗೋಡೆಗೆ ಹಚ್ಚಲು ದೊಡ್ಡ ಖರ್ಚಿಲ್ಲ. ಸುಗ್ಗಿ ಮುಗಿದು ಹೊಲ ಬರಿದಾದ ಮೇಲೆ, ಮಿರಗದ ಮಳೆಗೆ ಮುಂಚೆ, ಊರಿನ ಹತ್ತು ಮಂದಿ ಆ ನಕಾಶೆ ಹಿಡಿದು ಚುಕ್ಕೆ ಗೆರೆಗಳ ಮೇಲೆ ನಡೆಯಲಿ. ಜೊತೆಗೆ ಗ್ರಾಮ ಆಡಳಿತಾಧಿಕಾರಿ ಇರಲಿ, ಹಳೆಯ ಜಾಡು ಬಲ್ಲ ಕುರಿಗಾಹಿಯೊಬ್ಬನೂ ಇರಲಿ. ಗೆರೆ ಎಲ್ಲಿ ಕಡಿದಿದೆ, ಅಲ್ಲಿ ಯಾವ ಮರವಿತ್ತು, ನೀರು ಎತ್ತ ಹರಿಯುತ್ತಿತ್ತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದು ಗ್ರಾಮಸಭೆಯ ಮುಂದಿಡಲಿ. ಬಿತ್ತನೆ ಶುರುವಾದ ಮೇಲೆ ಆ ನಡಿಗೆಗೆ ಯಾರೂ ಒಪ್ಪುವುದಿಲ್ಲ.